ಕಡಲ ಮುಂದಿನ ಮನೆ ವಿದೇಶದಲ್ಲಿ ತಗೊಳ್ಳೋದಾದ್ರೆ ಮೊದ್ಲು ಗೇಟ್ ಯಾರದ್ದು ಅಂತ ಕೇಳಿ: ದುಬೈ, ಫುಕೆಟ್, ಮಾರಿಷಸ್, ಶ್ರೀಲಂಕಾ ಹೋಲಿಕೆ

ನಾನು ಮಲ್ಪೆಯವಳು. ಮದುವೆಯಾಗಿ ಬೆಂಗಳೂರಿಗೆ ಬಂದು 26 ವರ್ಷ ಆಯ್ತು, ಈಗ ಜೆ.ಪಿ. ನಗರದಲ್ಲಿ 140 ಮನೆಗಳಿರೋ ಅಪಾರ್ಟ್‌ಮೆಂಟಲ್ಲಿ ಇದೀವಿ, ಅಲ್ಲೇ ನಾಲ್ಕು ವರ್ಷ ಅಸೋಸಿಯೇಷನ್ ಟ್ರೆಷರರ್ ಆಗಿದ್ದೆ. ನಮ್ಮನೆಯವರು ಮುಂದಿನ ವರ್ಷ ರಿಟೈರ್ ಆಗ್ತಾರೆ, ಮಗಳು ಸಿಂಗಾಪುರದಲ್ಲಿದಾಳೆ, ವರ್ಷದಲ್ಲಿ ಮೂರು ತಿಂಗಳು ಕಡಲ ಮುಂದೆ ಇರೋಕೆ ಒಂದು ಮನೆ ಬೇಕು, ಬೀಗ ಹಾಕಿ ಬಂದ್ರೆ ಚಿಂತೆ ಇರಬಾರದು, ಗೇಟಲ್ಲಿ ಸೆಕ್ಯುರಿಟಿ ಇರಬೇಕು, ಹತ್ರದಲ್ಲಿ ಆಸ್ಪತ್ರೆ ಇರಬೇಕು, ಮಗಳೂ ಸುಲಭವಾಗಿ ಬಂದು ಹೋಗೋ ಹಾಗಿರಬೇಕು, ಇಷ್ಟು ನಮ್ಮ ಆಸೆ. ಊರಲ್ಲಿ ತವರುಮನೆ ಇದೆ, ಅಣ್ಣ ಅತ್ತಿಗೆ ಇದಾರೆ, ಆದ್ರೆ ಅಲ್ಲಿಗೆ ಹೋಗೋದು ತವರಿಗೆ ಹೋದ ಹಾಗೆ, ನಮ್ಮ ಮನೆ ಅಂತ ಒಂದು ಬೇಕಿತ್ತು.

ಒಂದೂವರೆ ವರ್ಷದಿಂದ ಇದೇ ಕೆಲಸ. ದುಬೈ, ಫುಕೆಟ್ ಎರಡೂ ಹೋಗಿ ನೋಡಿಕೊಂಡು ಬಂದ್ವಿ, ಮಾರಿಷಸ್ದು ಶ್ರೀಲಂಕಾದ್ದು ಪೇಪರ್ ತರಿಸಿ ಓದಿದ್ವಿ. ನಮ್ಮ ಬ್ಲಾಕಲ್ಲೇ ಮೂರು ಮನೆಯವರು ಇದನ್ನೇ ಕೇಳ್ತಿದಾರೆ, ಅದಕ್ಕೆ ಎಲ್ಲ ಒಂದೇ ಕಡೆ ಬರೆದು ಇಡ್ತಿದೀನಿ.

ಶುರುವಾಗಿದ್ದು ಒಂದು ಪ್ರಾಪರ್ಟಿ ಎಕ್ಸ್‌ಪೋದಲ್ಲಿ. ಬೆಂಗಳೂರಿನ ಒಂದು ದೊಡ್ಡ ಹೋಟೆಲ್ ಹಾಲು, ಗೋಡೆ ತುಂಬಾ ನೀಲಿ ಸಮುದ್ರದ ಫೋಟೋ, ಮಧ್ಯದಲ್ಲಿ ಬೀಚ್ ವಿಲ್ಲಾಗಳ ಮಾಡೆಲ್. ಇವರಿಗೆ ನೋಡಿದ ತಕ್ಷಣ ಮನಸ್ಸು ಬಂದುಬಿಡ್ತು. ಅಲ್ಲಿದ್ದ ಸೇಲ್ಸ್ ಹುಡುಗ ಬಹಳ ಚೆನ್ನಾಗಿ ಮಾತಾಡ್ದ, ಈವತ್ತೇ 5 ಲಕ್ಷ ಟೋಕನ್ ಕೊಟ್ರೆ ಈ ರೇಟು, ನಾಳೆ ಇಲ್ಲ, ಕ್ರೆಡಿಟ್ ಕಾರ್ಡ್ ಆದ್ರೂ ಪರವಾಗಿಲ್ಲ ಮೇಡಂ ಅಂದ. ಇವರು ಪರ್ಸ್ ತೆಗೆದಿದ್ರು. ನಾನು ಮಾಡೆಲ್ ತೋರಿಸಿ ಒಂದೇ ಪ್ರಶ್ನೆ ಕೇಳಿದೆ, ಗೇಟಿಂದ ಬೀಚ್ ತನಕ ಹೋಗೋ ಈ ರಸ್ತೆ ಯಾರ ಹೆಸರಲ್ಲಿದೆ ಅಂತ. ಅವನಿಗೆ ಗೊತ್ತಿರಲಿಲ್ಲ. ಅವನ ಮ್ಯಾನೇಜರ್ ಬಂದ್ರು, ಅವರಿಗೂ ಗೊತ್ತಿರಲಿಲ್ಲ. ನಾವು ಎದ್ದು ಬಂದ್ವಿ.

ಬೆಂಗಳೂರಲ್ಲಿ ಅಪಾರ್ಟ್‌ಮೆಂಟಲ್ಲೋ ಲೇಔಟಲ್ಲೋ ಇರೋರಿಗೆ ಈ ಪ್ರಶ್ನೆಯ ಬೆಲೆ ಗೊತ್ತಿರುತ್ತೆ. ಬಿಲ್ಡರ್ ಕ್ಲಬ್ ಹೌಸ್ ಹ್ಯಾಂಡೋವರ್ ಮಾಡದೆ ಇಟ್ಕೊಂಡಿರೋದು, ಕಾರ್ಪಸ್ ಫಂಡ್ ಲೆಕ್ಕ ಕೊಡದೆ ಇರೋದು, ಕೊಳಚೆ ನೀರು ಶುದ್ಧ ಮಾಡೋ ಎಸ್‌ಟಿಪಿ ಕೆಟ್ಟು ಮೂರು ತಿಂಗಳು ವಾಸನೆ ಬಂದಿದ್ದು, ಅಸೋಸಿಯೇಷನ್ ಸೊಸೈಟಿ ಆಕ್ಟಲ್ಲಿ ರಿಜಿಸ್ಟರ್ ಆಗಬೇಕಾ 1972ರ ಅಪಾರ್ಟ್‌ಮೆಂಟ್ ಓನರ್‌ಶಿಪ್ ಆಕ್ಟಲ್ಲಾ ಅನ್ನೋ ಜಗಳ, ಇದೆಲ್ಲ ನೋಡಿದೀವಿ. ಇಲ್ಲೇ ಇದ್ದು, ಭಾಷೆ ಗೊತ್ತಿದ್ದು, ಭಾನುವಾರ ಬೆಳಗ್ಗೆ ಮೀಟಿಂಗ್ ಕರೆಯೋ ಅವಕಾಶ ಇದ್ದೂ ಇಷ್ಟು ಕಷ್ಟ. ಇನ್ನು ಸಮುದ್ರದಾಚೆ ಇರೋ ಗೇಟು? ಅದಕ್ಕೇ ನಾನು ದೇಶಗಳನ್ನ ಹೋಲಿಸಿದ್ದು ಬೀಚ್ ನೋಡಿ ಅಲ್ಲ. ನಮ್ಮ ಕೈಗೆ ಬರೋ ಪತ್ರ ಏನು, ಮನೆ ಹೊರಗಿನ ರಸ್ತೆ ಪೂಲ್ ಗೇಟ್ ಯಾರ ಕೈಲಿರುತ್ತೆ, ನಾಳೆ ಮಾರಿದ್ರೆ ದುಡ್ಡು ಹೇಗೆ ವಾಪಸ್ ಬರುತ್ತೆ, ಇವನ್ನ ನೋಡಿ.

ದೇಶಕ್ಕೆ ಹೋಗೋ ಮುಂಚೆ ದುಡ್ಡಿನ ವಿಷಯ

ಇದು ಯಾವ ದೇಶ ಆರಿಸಿದ್ರೂ ಒಂದೇ, ಮತ್ತೆ ಇದೇ ನಿಮ್ಮ ಆಯ್ಕೆನ ಅರ್ಧ ನಿರ್ಧಾರ ಮಾಡಿಬಿಡುತ್ತೆ. ಇಲ್ಲಿ ವಾಸ ಇರೋ ನಾವು ಆರ್‌ಬಿಐನ ಎಲ್‌ಆರ್‌ಎಸ್ ಸ್ಕೀಮಲ್ಲಿ ಒಬ್ಬೊಬ್ಬರು ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್ ಮಾತ್ರ ಹೊರಗೆ ಕಳಿಸಬಹುದು. ಡಾಲರ್‌ಗೆ 85 ರೂಪಾಯಿ ಅಂತ ಇಟ್ಕೊಂಡ್ರೂ 2 ಕೋಟಿ 12 ಲಕ್ಷದ ಮೇಲೆ ಆಯ್ತು. ಗಂಡ ಹೆಂಡತಿ ಇಬ್ಬರೂ ಕಳಿಸಿದ್ರೆ 5 ಲಕ್ಷ ಡಾಲರ್, ಆದ್ರೆ ಹಾಗೆ ಸೇರಿಸಿ ಕಳಿಸೋದಾದ್ರೆ ಇಬ್ಬರ ಹೆಸರೂ ಕ್ರಯಪತ್ರದಲ್ಲಿರಬೇಕು, ಇದನ್ನ ನಮ್ಮ ಸಿಎ ಮೂರು ಸಲ ಒತ್ತಿ ಹೇಳಿದ್ರು. ಇದಕ್ಕೆ ಅಂತ ಇಲ್ಲಿನ ಬ್ಯಾಂಕು ಸಾಲ ಕೊಡೋ ಹಾಗಿಲ್ಲ. ಕಳಿಸಿದ ದುಡ್ಡನ್ನ ಅಲ್ಲಿ ಸುಮ್ಮನೆ ಇಟ್ಕೊಂಡಿರೋದೂ ಆಗಲ್ಲ, 180 ದಿನದೊಳಗೆ ಹೂಡಿಕೆ ಆಗದೆ ಉಳಿದಿದ್ದನ್ನ ವಾಪಸ್ ತರಬೇಕು. ಆ ಎಕ್ಸ್‌ಪೋ ಹುಡುಗ ಹೇಳಿದ ಕ್ರೆಡಿಟ್ ಕಾರ್ಡ್ ವಿಷಯ ಕೇಳಿ ಸಿಎ ಕುರ್ಚಿಯಲ್ಲಿ ನೆಟ್ಟಗೆ ಕೂತ್ರು, ಫೆಮಾ ನೋಟಿಸ್ ಬೇಕಾ ನಿಮಗೆ ಅಂದ್ರು. ಫೆಮಾ ಅಂದ್ರೆ ವಿದೇಶಿ ವಿನಿಮಯದ ಕಾನೂನು.

ಆಮೇಲೆ ಟಿಸಿಎಸ್, ಅಂದ್ರೆ ದುಡ್ಡು ಕಳಿಸುವಾಗಲೇ ಮುಂಗಡವಾಗಿ ಹಿಡ್ಕೊಳ್ಳೋ ತೆರಿಗೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ದಾಟಿದ ಮೇಲಿನ ಮೊತ್ತಕ್ಕೆ 20 ಪರ್ಸೆಂಟ್ ಬ್ಯಾಂಕೇ ಹಿಡ್ಕೊಳ್ಳುತ್ತೆ. 2 ಕೋಟಿ 12.5 ಲಕ್ಷ ಕಳಿಸಿದ್ರೆ 40.5 ಲಕ್ಷ ಟಿಸಿಎಸ್ಸೇ ಆಗುತ್ತೆ, ಅದು ಮನೆ ದುಡ್ಡಿನ ಮೇಲೆ ಬೇರೆಯಾಗಿ ಕಟ್ಟಬೇಕು. ಇದು ಕಳ್ಕೊಂಡ ದುಡ್ಡಲ್ಲ, ರಿಟರ್ನ್ ಹಾಕಿದಾಗ ತೆರಿಗೆಗೆ ಹೊಂದಿಸ್ಕೋಬಹುದು ಇಲ್ಲ ರೀಫಂಡ್ ಬರುತ್ತೆ, ಸಂಬಳ ಬರೋರು ಆಫೀಸಲ್ಲಿ ಅದಕ್ಕಿರೋ ಫಾರ್ಮ್ ಕೊಟ್ರೆ ಟಿಡಿಎಸ್‌ನಲ್ಲೇ ಅಡ್ಜಸ್ಟ್ ಮಾಡ್ತಾರೆ, ಆದ್ರೂ ಅಷ್ಟು ತಿಂಗಳು ಕೈಲಿ ಇರಲ್ಲ ಅನ್ನೋದನ್ನ ಲೆಕ್ಕ ಹಾಕಿಕೊಳ್ಳಿ. ನಮ್ಮ ಪರಿಚಯದವರೊಬ್ಬರು ಇದೊಂದನ್ನ ಮರೆತು ಕೊನೇ ಪೇಮೆಂಟ್ ಹೊತ್ತಿಗೆ ಒಡವೆ ಅಡ ಇಟ್ರು.

ಇನ್ನೊಂದು, ಬೆಂಗಳೂರಿನ ಫ್ಲಾಟ್ ಮಾರಿ ಆ ದುಡ್ಡಲ್ಲಿ ಹೊರಗೆ ತಗೊಳ್ತೀವಿ ಅನ್ನೋರು ಜಾಸ್ತಿ. ಹಳೇ ಮನೆ ಮಾರಿದ ಲಾಭಕ್ಕೆ ತೆರಿಗೆ ವಿನಾಯಿತಿ ಸಿಗಬೇಕಂದ್ರೆ ಹೊಸ ಮನೆ ಭಾರತದಲ್ಲೇ ಇರಬೇಕು, 2014ರಿಂದ ಕಾನೂನಲ್ಲೇ ಹಾಗೆ ಬರೆದಿದಾರೆ. ಅಂದ್ರೆ ಇಲ್ಲಿನ ಲಾಭಕ್ಕೆ ತೆರಿಗೆ ಕಟ್ಟಿಯೇ ಹೋಗಬೇಕು. ಮನೆ ಆದ್ಮೇಲೆ ಪ್ರತಿವರ್ಷ ಐಟಿ ರಿಟರ್ನಲ್ಲಿ ವಿದೇಶದ ಆಸ್ತಿ ತೋರಿಸೋ ಶೆಡ್ಯೂಲ್ ಎಫ್‌ಎ ತುಂಬಲೇಬೇಕು, ಬಿಟ್ರೆ 2015ರ ಬ್ಲ್ಯಾಕ್ ಮನಿ ಕಾಯ್ದೆಯಲ್ಲಿ 10 ಲಕ್ಷ ದಂಡ. ಸಣ್ಣ ಆಸ್ತಿಗಳಿಗೆ 2024ರಲ್ಲಿ ಸ್ವಲ್ಪ ಸಡಿಲ ಮಾಡಿದ್ರು, ಆದ್ರೆ ಮನೆ ಜಮೀನಿಗೆ ಆ ಸಡಿಲ ಇಲ್ಲ. ಅಲ್ಲಿಂದ ಬರೋ ಬಾಡಿಗೆನೂ ಇಲ್ಲಿ ತೋರಿಸಬೇಕು.

ದುಬೈ

ಹೋಗೋ ಮುಂಚೆ ನನಗೆ ದುಬೈ ಬಗ್ಗೆ ಅಷ್ಟು ಮನಸ್ಸಿರಲಿಲ್ಲ, ಹೋದ್ಮೇಲೆ ಅಭಿಪ್ರಾಯ ಬದಲಾಯ್ತು, ಅದು ಬೀಚ್‌ನಿಂದ ಅಲ್ಲ, ಪೇಪರ್‌ನಿಂದ. ವಿದೇಶದವರಿಗೆ ಫ್ರೀಹೋಲ್ಡ್ ಕೊಡೋಕೆ ಶುರು ಮಾಡಿದ್ದು 2002ರಲ್ಲಿ, 2006ರ 7ನೇ ಕಾನೂನಿನಿಂದ ಅದಕ್ಕೆ ಗಟ್ಟಿ ಬುನಾದಿ ಬಂತು. ಗೊತ್ತುಮಾಡಿದ ಏರಿಯಾಗಳಲ್ಲಿ, ಅಂದ್ರೆ ಪಾಮ್ ಜುಮೇರಾ, ದುಬೈ ಮರೀನಾ ಇಂಥ ಕಡೆ, ಮನೆ ಪೂರ್ತಿ ನಮ್ಮದೇ, ಲ್ಯಾಂಡ್ ಡಿಪಾರ್ಟ್‌ಮೆಂಟಿಂದ ನಮ್ಮ ಹೆಸರಲ್ಲೇ ಟೈಟಲ್ ಡೀಡ್. ನೋಂದಣಿ ಫೀ 4 ಪರ್ಸೆಂಟ್, ಬ್ರೋಕರ್ 2 ಪರ್ಸೆಂಟ್ ಮತ್ತೆ ಅದರ ಮೇಲೆ ವ್ಯಾಟ್. ಕಟ್ತಾ ಇರೋ ಪ್ರಾಜೆಕ್ಟ್ ಆದ್ರೆ ದುಡ್ಡು ಎಸ್ಕ್ರೋ ಅಕೌಂಟಿಗೆ, ಅಂದ್ರೆ ಆ ಪ್ರಾಜೆಕ್ಟಿಗೆ ಮಾತ್ರ ಬಳಸೋ ಬೇರೆ ಖಾತೆಗೆ, ಹೋಗಬೇಕು, 2007ರಿಂದ ಆ ಕಾನೂನು ಇದೆ.

ನನಗೆ ನಿಜವಾಗ್ಲೂ ಇಷ್ಟ ಆಗಿದ್ದು ಸರ್ವಿಸ್ ಚಾರ್ಜ್ ವಿಷಯ. ಪ್ರತಿ ಬಿಲ್ಡಿಂಗಿಗೂ ಚದರ ಅಡಿಗೆ ಎಷ್ಟು ಅಂತ ಸರ್ಕಾರದ ರೇರಾ ಒಪ್ಪಿಗೆ ಕೊಟ್ಟಿರೋ ರೇಟು ಇಂಡೆಕ್ಸಲ್ಲಿ ಸಿಗುತ್ತೆ, ಮೊಲ್ಲಾಕ್ ಅಂತ ಒಂದು ಸಿಸ್ಟಮ್ ಇದೆ, ಮೇಂಟೆನೆನ್ಸ್ ದುಡ್ಡು ಅದರ ಮೂಲಕವೇ ಹೋಗುತ್ತೆ. ನಾಲ್ಕು ವರ್ಷ ಕೈಬರಹದ ಲೆಡ್ಜರ್ ತಿದ್ದಿದವಳಿಗೆ ಅದನ್ನ ನೋಡಿ ಸಂತೋಷ ಆಯ್ತು. ಆದ್ರೆ ಅದರ ಇನ್ನೊಂದು ಮುಖನೂ ಇದೆ. 2019ರ 6ನೇ ಕಾನೂನು ಬಂದ ಮೇಲೆ ಓನರ್‌ಗಳ ಸಮಿತಿಗೆ ಸಲಹೆ ಕೊಡೋ ಕೆಲಸ ಮಾತ್ರ, ನಡೆಸೋದು ಮ್ಯಾನೇಜ್‌ಮೆಂಟ್ ಕಂಪನಿ, ದೊಡ್ಡ ಪ್ರಾಜೆಕ್ಟುಗಳಲ್ಲಿ ಡೆವಲಪರೇ. ಅಂದ್ರೆ ನಮ್ಮಲ್ಲಿ ಏಜಿಎಂನಲ್ಲಿ ಕೈ ಎತ್ತಿ ಸೆಕ್ಯುರಿಟಿ ಏಜೆನ್ಸಿ ಬದಲಾಯಿಸಿದ ಹಾಗೆ ಅಲ್ಲಿ ಆಗಲ್ಲ. ಲೆಕ್ಕ ಕಾಣುತ್ತೆ, ಕೈ ಹಾಕೋಕಾಗಲ್ಲ. ಕೆಲವರಿಗೆ ಇದೇ ಆರಾಮ, ನನಗೆ ಸ್ವಲ್ಪ ಕಸಿವಿಸಿ.

ಗೋಲ್ಡನ್ ವೀಸಾ ಆಸೆಗೆ ಹೋಗೋರು ಈ ಲೆಕ್ಕ ನೋಡಿ. 10 ವರ್ಷದ ವೀಸಾಗೆ 20 ಲಕ್ಷ ದಿರ್ಹಮ್ ಮನೆ ಬೇಕು. ದಿರ್ಹಮ್ ಡಾಲರ್‌ಗೆ ಕಟ್ಟಿಹಾಕಿದೆ, 3.6725 ಅಂತ, ಹಾಗಾಗಿ ಅದು ಹತ್ತಿರ ಹತ್ತಿರ 5,44,600 ಡಾಲರ್. ಗಂಡ ಹೆಂಡತಿ ಇಬ್ಬರ ಒಂದು ವರ್ಷದ ಮಿತಿ 5 ಲಕ್ಷ. ಒಂದೇ ವರ್ಷದಲ್ಲಿ ಮುಗಿಯಲ್ಲ! ಮಾರ್ಚಲ್ಲಿ ಸ್ವಲ್ಪ, ಏಪ್ರಿಲಲ್ಲಿ ಸ್ವಲ್ಪ ಅಂತ ಎರಡು ಹಣಕಾಸು ವರ್ಷಕ್ಕೆ ಹಂಚಿ ಕಳಿಸಬೇಕಾಗುತ್ತೆ. ಡೆವಲಪರ್ ಕಂತಿನ ಪ್ಲಾನ್ ಇದೆಯಲ್ಲ ಅಂತ ಕೇಳಬಹುದು, ಆ ಕಂತು ಫೆಮಾ ಕಣ್ಣಲ್ಲಿ ಸಾಲ ಆಗುತ್ತಾ ಇಲ್ವಾ ಅನ್ನೋದರಲ್ಲಿ ಸಿಎಗಳೇ ಒಂದೊಂದು ಥರ ಹೇಳ್ತಾರೆ. ಅಂಥ ಜಾಗದಲ್ಲಿ ಕಾಲಿಡೋದು ಬೇಡ ಅಂತ ನಾವು ರೆಡಿ ಮನೆ ಮಾತ್ರ ನೋಡಿದ್ವಿ.

ಬೆಲೆ ಏರಿಳಿತ ಅಲ್ಲಿ ಜೋರು. 2008ರ ಕೊನೆಯಿಂದ ಬಿದ್ದಾಗ ಅರ್ಧಕ್ಕರ್ಧ ಕಳ್ಕೊಂಡವರು ಇದಾರೆ. ಅಲ್ಲಿ ಬಾಡಿಗೆಗೆ ಆದಾಯ ತೆರಿಗೆ ಇಲ್ಲ, ಇಲ್ಲಿ ಇದೆ. ವಿಲ್ ಮಾಡಿಸಿ ದುಬೈನ ಡಿಐಎಫ್‌ಸಿ ವಿಲ್ ಸೆಂಟರಲ್ಲಿ ರಿಜಿಸ್ಟರ್ ಮಾಡಿಸೋದನ್ನ ಮಾತ್ರ ಮುಂದೆ ಹಾಕಬೇಡಿ, ಮುಸ್ಲಿಮರಲ್ಲದವರಿಗೆ 2015ರಿಂದ ಆ ಅವಕಾಶ ಇದೆ, ವಿಲ್ ಇಲ್ಲದೆ ಹೋದ್ರೆ ಮಕ್ಕಳು ಕೋರ್ಟ್ ಸುತ್ತಬೇಕಾಗುತ್ತೆ. ಊಟ ತಿಂಡಿಗೆ ಯೋಚನೆನೇ ಇಲ್ಲ, ಸೋನಾ ಮಸೂರಿ ಅಕ್ಕಿಯಿಂದ ಹಿಡಿದು ಕುಚಲಕ್ಕಿ ತನಕ ಸಿಕ್ತು. ಜೆಬೆಲ್ ಅಲಿಯಲ್ಲಿ 2022ರಲ್ಲಿ ದೊಡ್ಡ ದೇವಸ್ಥಾನನೂ ಆಗಿದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಾತ್ರ ಬೀಚಿಗೆ ಹಗಲಲ್ಲಿ ಕಾಲಿಡೋಕಾಗಲ್ಲ.

ಫುಕೆಟ್

ಇಲ್ಲಿಗೇ ನಾನು ಜಾಸ್ತಿ ಹೊತ್ತು ಕೊಡ್ತೀನಿ, ಯಾಕಂದ್ರೆ ನಮ್ಮವರು ತಪ್ಪು ಮಾಡೋದು ಇಲ್ಲೇ.

ಥಾಯ್ಲೆಂಡಲ್ಲಿ ವಿದೇಶದವರು ನೆಲದ ಒಡೆಯರಾಗೋಕಾಗಲ್ಲ. ಕಾಂಡೋ, ಅಂದ್ರೆ ಅಪಾರ್ಟ್‌ಮೆಂಟ್ ಮನೆ, ತಗೋಬಹುದು, ಅದೂ ಆ ಕಟ್ಟಡದ ಒಟ್ಟು ಮನೆಗಳ ವಿಸ್ತೀರ್ಣದಲ್ಲಿ 49 ಪರ್ಸೆಂಟ್ ಒಳಗೆ ಮಾತ್ರ. ಆ ಕೋಟಾ ತುಂಬಿಹೋಗಿದ್ರೆ ನಿಮಗೆ ಸಿಗೋದು ಲೀಸ್. ಎಕ್ಸ್‌ಪೋದಲ್ಲಿ ತೋರಿಸೋ ಪೂಲ್ ವಿಲ್ಲಾಗಳು ಬಹುಪಾಲು ಲೀಸೇ, 30 ವರ್ಷದ್ದು. ಮಾರೋರು 30 ಪ್ಲಸ್ 30 ಪ್ಲಸ್ 30, ಒಟ್ಟು 90 ವರ್ಷ ಅಂತಾರೆ. ಕಾನೂನಲ್ಲಿ ನೋಂದಣಿ ಆಗೋದು ಮೊದಲ 30 ಮಾತ್ರ, ಮುಂದಿನದು ಬರೀ ಒಪ್ಪಂದದ ಮಾತು, ಆಗ ಆ ಕಂಪನಿ ಇರುತ್ತೋ ಇಲ್ವೋ. ಬಿಡಿಎ ಸೈಟಿನ ಲೀಸ್ ಕಮ್ ಸೇಲ್ ನೋಡಿದವರಿಗೆ ಹತ್ತು ವರ್ಷ ಆದ್ಮೇಲೆ ಕ್ರಯಪತ್ರ ಬರುತ್ತೆ ಅನ್ನೋ ಧೈರ್ಯ ಇರುತ್ತೆ ನೋಡಿ, ಅದನ್ನ ಇಲ್ಲಿಗೆ ತರಬೇಡಿ, ಇಲ್ಲಿ ಲೀಸ್ ಅಂದ್ರೆ ಕೊನೇ ತನಕ ಲೀಸೇ. ಥಾಯ್ ಕಂಪನಿ ಮಾಡಿ ಅಲ್ಲಿನವರ ಹೆಸರಲ್ಲಿ ಷೇರ್ ಇಟ್ಟು ನೆಲ ತಗೊಳ್ಳೋಣ ಅಂತ ಹೇಳೋ ಲಾಯರ್‌ಗಳೂ ಇದಾರೆ, ಹೆಸರಿಗೆ ಮಾತ್ರ ಇನ್ನೊಬ್ಬರನ್ನ ನಿಲ್ಲಿಸೋದು ಅಲ್ಲಿ ಅಪರಾಧ, ದಯವಿಟ್ಟು ಅತ್ತ ಹೋಗಬೇಡಿ.

ಈಗ ಗೇಟಿನ ವಿಷಯ. ಕಾಂಡೋ ಆದ್ರೆ ಕಾಂಡೋಮಿನಿಯಂ ಕಾಯ್ದೆ ಪ್ರಕಾರ ಒಂದು ನೋಂದಾಯಿತ ಸಂಸ್ಥೆ ಇರಲೇಬೇಕು, ಪೂಲು ಲಿಫ್ಟು ನೆಲ ಎಲ್ಲ ಓನರ್‌ಗಳೆಲ್ಲರ ಜಂಟಿ ಆಸ್ತಿ, ವರ್ಷಕ್ಕೊಂದು ಸಭೆ, ನಿಮ್ಮ ಪಾಲಿನಷ್ಟು ವೋಟು. ನಮ್ಮ ಕಾರ್ಪಸ್ ಫಂಡ್ ಇದ್ದ ಹಾಗೆ ಸಿಂಕಿಂಗ್ ಫಂಡ್ ಅಂತ ಇರುತ್ತೆ. ಮಾರುವಾಗ ಬಾಕಿ ಇಲ್ಲ ಅನ್ನೋ ಪತ್ರ ಅವರಿಂದ ತರದೆ ಲ್ಯಾಂಡ್ ಆಫೀಸಲ್ಲಿ ನೋಂದಣಿ ಆಗಲ್ಲ. ಇದು ನಾನು ವರ್ಷಕ್ಕೆ ಹತ್ತಾದ್ರೂ ಸೈನ್ ಮಾಡ್ತಿದ್ದ ಎನ್‌ಒಸಿ ಥರಾನೇ, ಆದ್ರೆ ಅಲ್ಲಿ ಕಾನೂನಿನ ಬಲ ಜಾಸ್ತಿ. ಅದೇ ವಿಲ್ಲಾ ಗೇಟೆಡ್ ಕಮ್ಯುನಿಟಿ ಆದ್ರೆ ಈ ಕಾಯ್ದೆ ಅನ್ವಯ ಆಗಲ್ಲ, ಬಹಳ ಕಡೆ ರಸ್ತೆ, ಗೇಟ್, ನೀರಿನ ಟ್ಯಾಂಕ್ ಎಲ್ಲ ಡೆವಲಪರ್ ಕಂಪನಿ ಹೆಸರಲ್ಲೇ ಉಳಿದಿರುತ್ತೆ. ನಾವು ನೋಡಿದ ಒಂದು ಕಡೆ ಇಪ್ಪತ್ತು ವಿಲ್ಲಾ, ಒಳಗಿನ ರಸ್ತೆ ಬೇರೆ ಕಂಪನಿದು, ಆ ಕಂಪನಿ ಸಾಲ ಮಾಡಿ ರಸ್ತೆ ಜಾಗ ಬ್ಯಾಂಕಿಗೆ ಅಡ ಇಟ್ಟಿತ್ತು. ಮನೆ ಬಹಳ ಚೆಂದ ಇತ್ತು, ಬಾಲ್ಕನಿಯಿಂದ ಸೂರ್ಯಾಸ್ತ ಕಾಣ್ತಿತ್ತು, ಇವರು ಇವತ್ತಿಗೂ ಅದನ್ನ ನೆನೆಸ್ಕೊಳ್ತಾರೆ. ಚನೋಟ್ ಅಂತ ಕರೀತಾರೆ ಅಲ್ಲಿನ ಪಕ್ಕಾ ಹಕ್ಕುಪತ್ರನ, ಮನೆದು ಮಾತ್ರ ಅಲ್ಲ ರಸ್ತೆದೂ ತೆಗೆಸಿ ನೋಡಿ, ಹಿಂದುಗಡೆ ಅಡಮಾನ ಏನಿದೆ ಅಂತ ಅದರಲ್ಲೇ ಬರೆದಿರುತ್ತೆ.

ಬೀಚ್ ನಿಮ್ಮದು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ಥಾಯ್ಲೆಂಡಲ್ಲಿ ಬೀಚ್ ಎಲ್ಲ ಸಾರ್ವಜನಿಕ. 2024ರಲ್ಲಿ ಫುಕೆಟ್‌ನ ಯಾಮು ಅನ್ನೋ ಕಡೆ ಒಂದು ವಿಲ್ಲಾದ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದ ಸ್ಥಳೀಯ ಡಾಕ್ಟರ್ ಹೆಣ್ಣುಮಗಳ ಜೊತೆ ಅಲ್ಲಿದ್ದ ವಿದೇಶಿ ಜಗಳ ಮಾಡಿದ್ದು ದೊಡ್ಡ ಸುದ್ದಿಯಾಯ್ತು, ಜನ ಬೀಚಿಗೆ ಬಂದು ಪ್ರತಿಭಟನೆ ಮಾಡಿದ್ರು, ಕೊನೆಗೆ ಆ ಮೆಟ್ಟಿಲು ಇರೋದು ಸರ್ಕಾರಿ ಜಾಗದಲ್ಲಿ ಅಂತ ಗೊತ್ತಾಗಿ ಒಡೆಸಿದ್ರು. ಮಲ್ಪೆಯಲ್ಲಿ ಬೆಳೆದವಳಾಗಿ ನನಗೆ ಅಲ್ಲಿನ ಜನರ ಸಿಟ್ಟು ಅರ್ಥ ಆಗುತ್ತೆ. ಕಡಲ ತೀರಕ್ಕೆ ಬೇಲಿ ಹಾಕಿದ್ರೆ ಬಲೆ ಒಣಗಿಸೋರು ಎಲ್ಲಿಗೆ ಹೋಗಬೇಕು.

ಕಾಂಡೋ ತಗೊಳ್ಳೋದಾದ್ರೆ ದುಡ್ಡು ವಿದೇಶಿ ಕರೆನ್ಸಿಯಲ್ಲೇ ಹೋಗಿ ಅಲ್ಲಿನ ಬ್ಯಾಂಕಲ್ಲಿ ಭಾತ್ ಆಗಬೇಕು, ದುಡ್ಡು ಹೊರಗಿಂದ ಬಂತು ಅನ್ನೋದಕ್ಕೆ ಬ್ಯಾಂಕು ಎಫ್‌ಇಟಿ ಫಾರ್ಮ್ ಕೊಡುತ್ತೆ. ಅದನ್ನ ಪಾಸ್‌ಪೋರ್ಟ್ ಥರ ಜೋಪಾನ ಮಾಡಿ, ಅದಿಲ್ಲದೆ ನಿಮ್ಮ ಹೆಸರಿಗೆ ನೋಂದಣಿ ಆಗಲ್ಲ, ಮಾರಿದ ಮೇಲೆ ದುಡ್ಡು ಹೊರಗೆ ತರೋಕೂ ಅದೇ ಆಧಾರ. ವರ್ಗಾವಣೆ ಫೀ 2 ಪರ್ಸೆಂಟ್. ಐದು ವರ್ಷದೊಳಗೆ ಮಾರಿದ್ರೆ ಮಾರೋರಿಗೆ 3.3 ಪರ್ಸೆಂಟ್ ಬಿಸಿನೆಸ್ ಟ್ಯಾಕ್ಸ್ ಬೀಳುತ್ತೆ. ದಿನಬಾಡಿಗೆಗೆ ಬಿಟ್ಟು ದುಡೀಬಹುದು ಅಂತ ಬ್ರೋಶರಲ್ಲಿ ಬರೆದಿರ್ತಾರೆ, ಹೋಟೆಲ್ ಲೈಸೆನ್ಸ್ ಇಲ್ಲದೆ 30 ದಿನಕ್ಕಿಂತ ಕಮ್ಮಿ ಬಾಡಿಗೆ ಕೊಡೋದು 2004ರ ಹೋಟೆಲ್ ಕಾಯ್ದೆಗೆ ವಿರುದ್ಧ. ಮನೆ ಇದೆ ಅಂತ ವೀಸಾನೂ ಕೊಡಲ್ಲ. 50 ದಾಟಿದವರಿಗೆ ರಿಟೈರ್ಮೆಂಟ್ ವೀಸಾ ಇದೆ, ಅಲ್ಲಿನ ಬ್ಯಾಂಕಲ್ಲಿ 8 ಲಕ್ಷ ಭಾತ್ ಇಡಬೇಕು ಅಥವಾ ತಿಂಗಳಿಗೆ 65,000 ಭಾತ್ ವರಮಾನ ತೋರಿಸಬೇಕು.

ಮಾರಿಷಸ್

ಮಾರಿಷಸ್ ಬಗ್ಗೆ ಬೆಂಗಳೂರಲ್ಲಿ ಯಾರೂ ಜಾಸ್ತಿ ಮಾತಾಡಲ್ಲ, ಆದ್ರೆ ನಿಜವಾಗಿ ಹೋಗಿ ನೆಲೆಸೋರಿಗೆ ನಾಲ್ಕರಲ್ಲಿ ಇದೇ ಗಟ್ಟಿ ಅಂತ ನನ್ನ ಅನಿಸಿಕೆ. ವಿದೇಶದವರು ತಗೋಬಹುದಾದ ಪ್ರಾಜೆಕ್ಟ್‌ಗಳಿಗೆ 2015ರಿಂದ ಪ್ರಾಪರ್ಟಿ ಡೆವಲಪ್‌ಮೆಂಟ್ ಸ್ಕೀಮ್, ಪಿಡಿಎಸ್ ಅಂತ ಇದೆ, 3,75,000 ಡಾಲರ್ ಮೇಲಿನ ಮನೆ ತಗೊಂಡ್ರೆ ಅಲ್ಲಿ ವಾಸದ ಪರ್ಮಿಟ್ಟೂ ಸಿಗುತ್ತೆ. ಮೊದಲು 5 ಲಕ್ಷ ಇತ್ತು, 2020ರಲ್ಲಿ ಇಳಿಸಿದ್ರು. ಗಂಡ ಹೆಂಡತಿ ಇಬ್ಬರ ಎಲ್‌ಆರ್‌ಎಸ್ ಸೇರಿಸಿದ್ರೆ ಒಂದೇ ವರ್ಷದಲ್ಲಿ ಆಗೋ ಲೆಕ್ಕ ಇದು, ದುಬೈ ಗೋಲ್ಡನ್ ವೀಸಾ ಥರ ಮಾರ್ಚ್ ಏಪ್ರಿಲ್ ಓಡಾಟ ಇಲ್ಲ.

ಕಟ್ತಾ ಇರೋ ಮನೆ ತಗೊಂಡ್ರೂ ಫ್ರೆಂಚ್ ಪದ್ಧತಿಯ ಕರಾರು, ಕೆಲಸ ಮುಂದೆ ಹೋದ ಹಾಗೆ ಹಂತ ಹಂತವಾಗಿ ದುಡ್ಡು, ಬಿಲ್ಡರ್ ಮುಳುಗಿದ್ರೆ ಮನೆ ಮುಗಿಸಿಕೊಡೋಕೆ ಬ್ಯಾಂಕ್ ಗ್ಯಾರಂಟಿ ಇರಬೇಕು. ಹತ್ತು ವರ್ಷ ಇಎಂಐ ಕಟ್ಟಿ ಇನ್ನೂ ಪಿಲ್ಲರ್ ನೋಡ್ತಾ ಇರೋ ಕುಟುಂಬಗಳು ನಮ್ಮೂರಲ್ಲಿ ಎಷ್ಟಿಲ್ಲ, ಇಂಥ ಗ್ಯಾರಂಟಿ ನಮಗೂ ಇದ್ದಿದ್ರೆ ಅನ್ನಿಸ್ತು. ಪತ್ರ ಎಲ್ಲ ನೋಟರಿ ಮೂಲಕ, ಅಲ್ಲಿ ನೋಟರಿ ಅಂದ್ರೆ ನಮ್ಮ ಕೋರ್ಟ್ ಮುಂದಿನ ಸ್ಟ್ಯಾಂಪ್ ಹಾಕೋರಲ್ಲ, ಹಕ್ಕು ಎಲ್ಲಿಂದ ಹೇಗೆ ಬಂತು ಅಂತ ಪರಿಶೀಲಿಸಿ ಪತ್ರ ಬರೆಯೋ ಜವಾಬ್ದಾರಿ ಅವರದ್ದು.

ಆದ್ರೆ ಕಡಲಂಚಿನ ವಿಷಯದಲ್ಲಿ ಒಂದು ಗೊತ್ತಿರಲಿ. ತೀರದಿಂದ ಒಳಕ್ಕೆ 81.21 ಮೀಟರ್ ಪಟ್ಟಿ ಹಳೇ ಫ್ರೆಂಚ್ ಕಾಲದಿಂದ ಸರ್ಕಾರದ್ದು, ಪಾ ಜಿಯೋಮೆತ್ರಿಕ್ ಅಂತ ಕರೀತಾರೆ. ಅಂದ್ರೆ ನೀರಿಗೆ ಅಂಟಿಕೊಂಡಿರೋ ಮನೆ ಹೆಚ್ಚಾಗಿ ಸರ್ಕಾರಿ ಲೀಸ್ ಜಾಗದಲ್ಲಿರುತ್ತೆ, ಪೂರ್ತಿ ಸ್ವಂತದ್ದು ಬೇಕಂದ್ರೆ ಆ ಪಟ್ಟಿಯ ಹಿಂದೆ. ನನ್ನ ಕೇಳಿದ್ರೆ ಹಿಂದಿರೋದೇ ಒಳ್ಳೇದು, ನವೆಂಬರ್‌ನಿಂದ ಏಪ್ರಿಲ್ ತನಕ ಅಲ್ಲಿ ಸೈಕ್ಲೋನ್ ಸೀಸನ್. ಇನ್ನೊಂದು, ಅಲ್ಲಿನ ಆಸ್ತಿಗೆ ಅಲ್ಲಿನದೇ ವಾರಸು ಕಾನೂನು, ಮಕ್ಕಳಿಗೆ ಒಂದು ಪಾಲು ಕಾನೂನೇ ಕಾಯ್ದಿಡುತ್ತೆ, ಎಲ್ಲ ಹೆಂಡತಿಗೇ ಅಂತ ವಿಲ್ ಬರೆದ್ರೂ ಪೂರ್ತಿ ನಡೆಯಲ್ಲ. ಎರಡು ಮಕ್ಕಳಲ್ಲಿ ಮನಸ್ತಾಪ ಇರೋ ಮನೆಯವರು ಇದನ್ನ ಮೊದಲೇ ಕೂತು ಮಾತಾಡಿಕೊಳ್ಳಿ. ಪ್ರಯಾಣ ದೂರ, ನಾವು ವಿಚಾರಿಸಿದಾಗ ಮುಂಬೈ ಮೇಲೆ ಹೋಗೋದೇ ಅನುಕೂಲ ಅಂದ್ರು, ಮನೆಯಿಂದ ಮನೆಗೆ ಒಂದು ದಿನ ಅಂತ ಇಟ್ಕೊಳ್ಳಿ. ನಮ್ಮ ಮಗಳಿಗಂತೂ ಇನ್ನೂ ದೂರ, ನಾವು ಬಿಟ್ಟಿದ್ದು ಅದೊಂದೇ ಕಾರಣಕ್ಕೆ.

ಶ್ರೀಲಂಕಾ, ಬಾಲಿ

ಶ್ರೀಲಂಕಾ ಹತ್ರ, ಕೊಲಂಬೋಗೆ ಒಂದೂವರೆ ಗಂಟೆ, ಊಟ ವಾತಾವರಣ ಎಲ್ಲ ನಮ್ಮ ಕರಾವಳಿ ಥರಾನೇ. ಆದ್ರೆ 2014ರ ಕಾನೂನಿನ ಪ್ರಕಾರ ವಿದೇಶದವರಿಗೆ ನೆಲ ಇಲ್ಲ, ನಾಲ್ಕನೇ ಮಹಡಿ ಮತ್ತೆ ಅದರ ಮೇಲಿನ ಅಪಾರ್ಟ್‌ಮೆಂಟ್ ಮಾತ್ರ, ದುಡ್ಡು ಹೊರಗಿಂದಲೇ ಬಂದಿರಬೇಕು. ದಕ್ಷಿಣದ ಚೆಂದದ ಬೀಚ್‌ಗಳಲ್ಲಿ ಸಿಗೋದು ಲೀಸ್, 99 ವರ್ಷದ ತನಕ. 2022ರಲ್ಲಿ ಅಲ್ಲಿನ ರೂಪಾಯಿ ಡಾಲರ್‌ಗೆ 200 ಇದ್ದಿದ್ದು ಕೆಲವೇ ತಿಂಗಳಲ್ಲಿ 360ರ ಹತ್ರ ಹೋಯ್ತು, ಮನೆ ಬೆಲೆ ಅಲ್ಲಿನ ಲೆಕ್ಕದಲ್ಲಿ ಏರಿದ್ರೂ ನಮ್ಮ ಕೈಗೆ ಬರೋದು ಕಮ್ಮಿ. ಪ್ರೀತಿಯಿಂದ ಹೋಗಿ ಬರೋಕೆ ಒಳ್ಳೇ ದೇಶ, ಇಷ್ಟು ದುಡ್ಡು ಕಟ್ಟಿಹಾಕೋಕೆ ನನಗೆ ಧೈರ್ಯ ಬರಲಿಲ್ಲ.

ಬಾಲಿ ಬಗ್ಗೆ ಒಂದೇ ಮಾತು. ಅಲ್ಲಿನ ಪೂರ್ಣ ಹಕ್ಕು ಹಕ್ ಮಿಲಿಕ್, ಅದು ವಿದೇಶದವರಿಗೆ ಸಿಗಲ್ಲ. ಲೋಕಲ್ ಸ್ನೇಹಿತನ ಹೆಸರಲ್ಲಿ ಮಾಡಿಸ್ತೀವಿ ಅನ್ನೋರ ಹತ್ರ ಕೂತು ಟೀ ಕೂಡ ಕುಡೀಬೇಡಿ.

ಕಡಲು ಅಂದ್ರೆ ಏನು ಅಂತ

ಬೆಂಗಳೂರಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕು. ಉಪ್ಪು ಗಾಳಿ ಕಬ್ಬಿಣ ತಿನ್ನುತ್ತೆ. ತವರುಮನೆ ಕಿಟಕಿ ಗ್ರಿಲ್‌ಗೆ ಅಪ್ಪ ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಪೇಂಟ್ ಹೊಡೆಸ್ತಿದ್ರು, ಆದ್ರೂ ಎಂಟು ವರ್ಷಕ್ಕೆ ಬದಲಾಯಿಸಬೇಕಾಯ್ತು. ಎಸಿಯ ಹೊರಗಿನ ಯೂನಿಟ್, ಲಿಫ್ಟ್, ಬಾಲ್ಕನಿ ರೇಲಿಂಗ್, ಕಾಂಕ್ರೀಟ್ ಒಳಗಿನ ಕಂಬಿ ಎಲ್ಲಕ್ಕೂ ಇದೇ ಗತಿ, ಹಾಗಾಗಿ ಕಡಲ ಮುಂದಿನ ಅಪಾರ್ಟ್‌ಮೆಂಟಿನ ಮೇಂಟೆನೆನ್ಸ್ ಜೆ.ಪಿ. ನಗರದ ಲೆಕ್ಕದಲ್ಲಿ ಯೋಚಿಸಬೇಡಿ. ಹತ್ತು ವರ್ಷ ಹಳೇ ಬಿಲ್ಡಿಂಗ್ ಆದ್ರೆ ಕಳೆದ ಮೂರು ವರ್ಷದ ಆಡಿಟ್ ಮಾಡಿದ ಲೆಕ್ಕ ಕೇಳಿ, ಸಿಂಕಿಂಗ್ ಫಂಡಲ್ಲಿ ಎಷ್ಟಿದೆ, ಬಾಕಿ ಕಟ್ಟದವರು ಎಷ್ಟು ಜನ ಅಂತ ನೋಡಿ. ಮೇಂಟೆನೆನ್ಸ್ ಬಹಳ ಕಮ್ಮಿ ಅಂತ ಖುಷಿಯಿಂದ ಹೇಳಿದ್ರೆ ನಾನಂತೂ ಹೆದರ್ತೀನಿ, ಅಲ್ಲಿ ರಿಪೇರಿ ಮುಂದೂಡ್ತಿದಾರೆ ಅಂತಾನೇ ಅರ್ಥ.

ಆಮೇಲೆ ಕಡಲ ಕೊರೆತ. ಉಳ್ಳಾಲ, ಸೋಮೇಶ್ವರ ಕಡೆ ಪ್ರತಿ ಮಳೆಗಾಲದಲ್ಲಿ ತೆಂಗಿನ ಮರದ ಸಮೇತ ಜಾಗ ಹೋಗೋದು ನಾವು ನೋಡ್ತಾನೇ ಇದೀವಿ, ಕಲ್ಲು ತಂದು ಹಾಕ್ತಾರೆ, ಮುಂದಿನ ವರ್ಷ ಪಕ್ಕದಲ್ಲಿ ಕೊರೆಯುತ್ತೆ. ಹೊರದೇಶಕ್ಕೆ ಮನೆ ನೋಡೋಕೆ ಹೋದಾಗಲೂ ಅದನ್ನೇ ನೋಡಿ, ಹತ್ತು ಹದಿನೈದು ವರ್ಷದ ಹಿಂದಿನ ಸ್ಯಾಟಲೈಟ್ ಫೋಟೋ ತೆಗೆದು ಮರಳಿನ ಅಗಲ ಹೋಲಿಸಿ, ಮನೆಯಲ್ಲೇ ಕೂತು ಮಾಡಬಹುದು. ಫುಕೆಟ್‌ನ ಪಶ್ಚಿಮ ತೀರಕ್ಕೆ 2004ರ ಡಿಸೆಂಬರ್ 26ರಂದು ಸುನಾಮಿ ಬಂದಿದ್ದು ಮರೀಬೇಡಿ. ನಾವು ನೋಡಿದ ಕಾಂಡೋಗಳಲ್ಲಿ ಎತ್ತರದ ಜಾಗಕ್ಕೆ ನಡ್ಕೊಂಡು ಹೋಗೋಕೆ ಎಷ್ಟು ನಿಮಿಷ ಅಂತ ಇಬ್ಬರೂ ನಡೆದೇ ನೋಡಿದ್ವಿ, ಇವರ ಮಂಡಿ ನೋವಿಗೆ ಒಂದು ಕಡೆ 11 ನಿಮಿಷ ಆಯ್ತು, ಇನ್ನೊಂದು ಕಡೆ 25. ಎರಡನೇದನ್ನ ಅಲ್ಲೇ ಬಿಟ್ವಿ. ಇನ್ಶೂರೆನ್ಸಲ್ಲಿ ಪ್ರವಾಹ, ಸುನಾಮಿ ಬರುತ್ತಾ ಅಂತ ಬರವಣಿಗೆಯಲ್ಲಿ ತಗೊಳ್ಳಿ.

ಹಾಗಾದ್ರೆ ಯಾರಿಗೆ ಯಾವುದು

ದುಡ್ಡು ಹಾಕಿ ಬಾಡಿಗೆ ಬರಬೇಕು, ಬೇಕಾದಾಗ ಮಾರೋಕಾಗಬೇಕು, ಅಸೋಸಿಯೇಷನ್ ತಲೆನೋವು ಬೇಡ ಅನ್ನೋರು ದುಬೈ ಕಡೆ ಹೋಗಿ, ರೆಡಿ ಮನೆ ತಗೊಳ್ಳಿ, ಬೆಲೆ ಬಿದ್ದಾಗ ಐದಾರು ವರ್ಷ ಕಾಯೋ ಶಕ್ತಿ ಇರಲಿ. ಇಬ್ಬರೂ ರಿಟೈರ್ ಆಗಿ ವರ್ಷದ ಹೆಚ್ಚು ಭಾಗ ಅಲ್ಲೇ ಇರ್ತೀವಿ, ವಾಸದ ಹಕ್ಕೂ ಬೇಕು ಅನ್ನೋರಿಗೆ ಮಾರಿಷಸ್. ನಮ್ಮ ಥರ ಎರಡು ಮೂರು ತಿಂಗಳು ಇರೋರಿಗೆ, ಬಜೆಟ್ ಒಬ್ಬರ ಎಲ್‌ಆರ್‌ಎಸ್ ಮಿತಿಯೊಳಗೆ ಇರೋರಿಗೆ ಫುಕೆಟ್ ಕಾಂಡೋ, ವಿದೇಶಿ ಕೋಟಾದಲ್ಲೇ, ವಿಲ್ಲಾ ಬೇಡವೇ ಬೇಡ. 60 ದಾಟಿ ಒಬ್ಬರೇ ಇರೋರಿಗೆ ನಾನು ಯಾವುದನ್ನೂ ಹೇಳಲ್ಲ, ಬಾಡಿಗೆಗೆ ಇದ್ದು ಬನ್ನಿ, ಎರಡು ಕೋಟಿಗೆ ಇಲ್ಲಿ ಎಫ್‌ಡಿ ಬಡ್ಡಿನೇ ಒಳ್ಳೇ ಕಾಂಡೋದ ಬಾಡಿಗೆಗೆ ಸಾಕಾಗುತ್ತೆ.

ನಾವು ಫುಕೆಟ್‌ನ ಬಾಂಗ್ ತಾವ್ ಹತ್ರ ಒಂದು ಕಾಂಡೋ ಇಷ್ಟಪಟ್ಟಿದೀವಿ, ಎರಡು ಬೆಡ್‌ರೂಮ್, ಬೀಚಿಗೆ ಎಂಟು ನಿಮಿಷ ನಡಿಗೆ. ನೇರ ಸಮುದ್ರದ ಮುಂದಿಲ್ಲ, ಎತ್ತರದ ಜಾಗ. ಸಭೆಯ ನಡಾವಳಿ ಇಂಗ್ಲಿಷಲ್ಲೂ ಕೊಟ್ರು, ಮೂರು ವರ್ಷದ ಲೆಕ್ಕ ಕೊಟ್ರು, ಕೋಟಾ ಉಳಿದಿದೆ ಅನ್ನೋ ಪತ್ರನೂ ಕೊಟ್ರು. ಇನ್ನೂ ಟೋಕನ್ ಕೊಟ್ಟಿಲ್ಲ. ನಾವು ನೋಡಿದ್ದು ಜನವರಿಯಲ್ಲಿ, ಕಡಲು ಕೆರೆ ಥರ ಇತ್ತು. ಅಲ್ಲಿಗೂ ನಮ್ಮ ಮಳೆಗಾಲವೇ ಹೋಗೋದು, ಮೇನಿಂದ ಅಕ್ಟೋಬರ್ ತನಕ ಪಶ್ಚಿಮದ ಬೀಚ್‌ಗಳಲ್ಲಿ ಬಹಳ ದಿನ ಕೆಂಪು ಬಾವುಟ ಹಾಕ್ತಾರೆ, ಆಗ ನೀರಿಗೆ ಇಳಿಯೋ ಹಾಗಿಲ್ಲ. ಅದಕ್ಕೆ ಸೆಪ್ಟೆಂಬರ್‌ಗೆ ಅದೇ ಬಿಲ್ಡಿಂಗಲ್ಲಿ ಒಂದು ತಿಂಗಳು ಬಾಡಿಗೆಗೆ ತಗೊಂಡಿದೀವಿ. ಗೋಡೆ ಎಲ್ಲಿ ಒಸರುತ್ತೆ, ಕರೆಂಟ್ ಹೋದ್ರೆ ಜನರೇಟರ್ ಎಷ್ಟೊತ್ತಿಗೆ ಬರುತ್ತೆ, ರಾತ್ರಿ ಗೇಟಲ್ಲಿ ಯಾರಿರ್ತಾರೆ, ಎಲ್ಲ ನೋಡ್ಕೊಂಡು ಬರ್ತೀವಿ. ಅಣ್ಣನಿಗೂ ಟಿಕೆಟ್ ಮಾಡಿಸಿದೀನಿ, ಗೋಡೆ ಮುಟ್ಟಿ ಉಪ್ಪು ಎಷ್ಟು ಒಳಗೆ ಹೋಗಿದೆ ಅಂತ ಹೇಳೋಕೆ ನಮ್ಮನೆಯಲ್ಲಿ ಅವನಿಗಿಂತ ತಿಳಿದವರು ಇಲ್ಲ.